ತೊಲೆಯ ಆಚೆ ಬದಿ

ಮಂಗಳವಾರ, ಬೆಳಗ್ಗೆ ಹತ್ತು ಗಂಟೆ
ಬೇಸಿಗೆಯ ಕೊನೆಯ ವಾರ

ಮೇಸ್ತ್ರಿಗಳೇ,

ನಿಮ್ಮನ್ನು ಹೀಗೆ ಕರೆದು ಹನ್ನೊಂದು ವರ್ಷವಾಯಿತು. ಬೇರೆ ಹೇಗೆ ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಮಗಳ ಅಪ್ಪನಿಗೆ ಅಂತ ಬರೆದರೆ ಯಾರೋ ಮೂರನೆಯವರಿಗೆ ಬರೆದ ಹಾಗಿತ್ತು. ಹೆಸರು ಹಿಡಿದು ಬರೆಯೋಣ ಅಂದರೆ ಕೈ ಬರಲಿಲ್ಲ. ಮದುವೆಯಾದ ಹೊಸತರಿಂದ ರೇಗಿಸಲು ಕರೆಯುತ್ತಿದ್ದ ಹೆಸರೇ ವಾಸಿ ಅನ್ನಿಸಿತು. ಬೇಜಾರಾದರೂ ಇಲ್ಲಿಗೇ ಮಡಿಸಿ ಇಡಬೇಡಿ, ಕೊನೆಯವರೆಗೂ ಓದಿ. ಪತ್ರ ಬರೆಯುವುದು ನನಗೆ ಕಬ್ಬಿಣದ ಕಡಲೆ ಅಂತ ನಿಮಗೆ ಗೊತ್ತೇ ಇದೆ. ಕಬ್ಬಿಣದ ಕೆಲಸ ಇದಕ್ಕಿಂತ ಎಷ್ಟೋ ಸಲೀಸು.

ನಿಮ್ಮ ಪತ್ರ ಹೋದ ಗುರುವಾರ ಬಂತು. ಐದೇ ಸಾಲು. ಮುಂಗೋಣೆಯ ಸೂರಿನ ಆ ತೊಲೆಯನ್ನು ಇನ್ನು ನಂಬಬೇಡ, ಈ ವಾರವೇ ಅದರ ಕೆಳಗೆ ಎರಡು ಕಬ್ಬಿಣದ ಕಂಬ ನಿಲ್ಲಿಸಿಕೋ ಅಂತ ಬರೆದಿದ್ದೀರಿ. ಹನ್ನೆರಡು ವರ್ಷವಾದರೂ ಒಣಗದ ಮರವನ್ನು ನಿನ್ನ ತಲೆಯ ಮೇಲೆ ಇಟ್ಟೆ, ಹೋದ ವರ್ಷವೂ ಹದಿನಾಲ್ಕು ನಟ್ಟು ಸಡಿಲವಿದ್ದವು, ಮರ ನೋಡುವ ಕಣ್ಣು ನನಗೆ ಯಾವತ್ತೂ ಇರಲಿಲ್ಲ ಅಂತ ಕಾಣುತ್ತೆ ಅಂತ. ಈ ವರ್ಷ ಬರುವುದಿಲ್ಲ ಅಂತ. ಹತಾರಗಳ ಪೆಟ್ಟಿಗೆಯನ್ನು ಮುಂದಿನ ವಾರದ ಶನಿವಾರ ಬಡಗಿ ಕೆಲಸ ಕಲಿಸುವ ಶಾಲೆಗೆ ಕೊಟ್ಟುಬಿಡುತ್ತೇನೆ ಅಂತ. ಕೊನೆಯ ಸಾಲಿನಲ್ಲಿ ಒಂದೇ ಪದ, ಕ್ಷಮಿಸು.

ಅದನ್ನು ಓದಿ ಅಡುಗೆಮನೆಯ ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟೆ. ನಿಮ್ಮ ಬಾಯಿಂದ ಆ ಪದ ಬರಲಿ ಅಂತ ನಾನು ಎಷ್ಟು ವರ್ಷ ಕಾದೆ ಅಂತ ಹೇಳಿದರೆ ನನಗೇ ನಾಚಿಕೆ. ಕೊನೆಗೂ ಬಂತು. ಬಂದದ್ದು ನೀವು ಮಾಡದೇ ಇರುವ ತಪ್ಪಿಗೆ.

ಆ ಮರ ಒಣಗಿದೆ. ಇಟ್ಟ ದಿನವೇ ಒಣಗಿತ್ತು. ಅದನ್ನು ಹೇಳುವುದಕ್ಕೇ ಈ ಪತ್ರ. ನಾಲ್ಕು ಮಾತಿನಲ್ಲಿ ಹೇಳಿಬಿಟ್ಟರೆ, ನಿಮ್ಮನ್ನು ಸಮಾಧಾನ ಮಾಡಲು ಕಥೆ ಕಟ್ಟುತ್ತಿದ್ದಾಳೆ ಅಂದುಕೊಳ್ಳುತ್ತೀರಿ. ಅದಕ್ಕೇ ಸ್ವಲ್ಪ ಹಿಂದಿನಿಂದ ಬರುತ್ತೇನೆ.

ಮಗಳ ಕೋಣೆಯ ನೆಲ ಕುಸಿಯುತ್ತಿದೆ ಅಂತ ಮೊದಲು ಕಂಡುಹಿಡಿದದ್ದು ಅವಳ ಪೆನ್ಸಿಲು. ಹಲಗೆಯ ನೆಲದ ಮೇಲೆ ಎಲ್ಲಿಟ್ಟರೂ ಉರುಳಿಕೊಂಡು ಬಂದು ನಡುವೆ ನಿಲ್ಲುತ್ತಿತ್ತು. ಮದುವೆಯ ವಯಸ್ಸಾಗಿದ್ದರೂ ಅವಳಿಗೆ ಅದೊಂದು ಆಟ. ನೀವು ಮಾತ್ರ ಕೆಳಗೆ ಬಂದು ಮುಂಗೋಣೆಯ ತೊಲೆಯನ್ನು ನೋಡುತ್ತ ಊಟ ಬಿಟ್ಟಿರಿ. ಊರವರ ಮನೆಯ ತೊಲೆಗಳನ್ನೆಲ್ಲ ಎತ್ತಿ ನಿಲ್ಲಿಸುವ ಬಡಗಿಯ ಮನೆಯಲ್ಲೇ ತೊಲೆ ಬಾಗಿದೆ ಅಂತ ನಾನು ಆಡಿಕೊಂಡದ್ದಕ್ಕೆ ಎರಡು ದಿನ ಮಾತು ಬಿಟ್ಟಿರಿ. ಆಮೇಲೆ ನೀವೇ ಬಂದು, ಬರೀ ಮರ ಸಾಲದು, ನಡುವೆ ಉಕ್ಕು ಬೇಕು, ನಿಮ್ಮಪ್ಪನ ಹತ್ತಿರ ಪಟ್ಟಿ ಕೊಯ್ಸು ಅಂದಿರಿ.

ಆ ಬೇಸಿಗೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀವು ಸಾಮಿಲ್ಲಿನಲ್ಲಿ ಎಂಟು ದಿನ ಅಲೆದು ಎರಡು ಮರ ಆರಿಸಿದಿರಿ. ತಟ್ಟಿ ಕೇಳಿದಿರಿ, ಮೂಸಿದಿರಿ, ತುದಿಯ ಸಿಪ್ಪೆ ಕಿತ್ತು ಬಾಯಿಗೂ ಹಾಕಿಕೊಂಡಿರಿ ಅಂತ ಮಿಲ್ಲಿನ ಯಜಮಾನರು ನಗುತ್ತ ಹೇಳಿದರು. ಅಪ್ಪನ ವರ್ಕ್‌ಶಾಪಿನಲ್ಲಿ ಅರ್ಧ ಇಂಚು ದಪ್ಪದ ಉಕ್ಕಿನ ಪಟ್ಟಿಗೆ ಹದಿನೆಂಟು ತೂತು ಕೊರೆದವಳು ನಾನು. ಒಂದು ಮೇಲೆ, ಒಂದು ಕೆಳಗೆ, ಹಾವು ಹರಿದ ಹಾಗೆ ಗುರುತು ಹಾಕಿಕೊಟ್ಟಿರಿ. ಎಲ್ಲ ಒಂದೇ ಸಾಲಿನಲ್ಲಿ ಕೊರೆದರೆ ಆ ಸಾಲಿಗೇ ಮರ ಸೌದೆಯ ಹಾಗೆ ಸೀಳಿಕೊಳ್ಳುತ್ತೆ ಅಂತ ನನಗೆ ಮೂರು ಸಲ ಹೇಳಿದಿರಿ. ಮೊದಲನೆಯ ಸಲವೇ ಅರ್ಥವಾಗಿತ್ತು. ನೀವು ಹೇಳುವುದನ್ನು ಕೇಳಲು ಚೆನ್ನಾಗಿತ್ತು ಅಂತ ಸುಮ್ಮನಿದ್ದೆ.

ಎರಡು ಮರದ ನಡುವೆ ಪಟ್ಟಿ ಇಟ್ಟು ಬೋಲ್ಟು ಹಾಕಿ ಬಿಗಿದ ದಿನ ನೀವು ಒಂದು ಮಾತು ಹೇಳಿದಿರಿ. ಉಕ್ಕು ಇಟ್ಟ ಹಾಗೇ ಇರುತ್ತೆ, ಮರ ಮಾತ್ರ ಎಷ್ಟು ಒಣಗಿದ್ದರೂ ಕೂದಲೆಳೆಯಷ್ಟು ಕುಗ್ಗಬಹುದು. ಅದಕ್ಕೇ ವರ್ಷಕ್ಕೊಂದು ಸಲ, ಬಿಸಿಲುಕಾಲ ಮುಗಿಯುವಾಗ, ನಟ್ಟು ನೋಡಬೇಕು, ಎರಡು ವರ್ಷ ನೋಡಿದರೆ ಆಯಿತು ಅಂತ. ಮಗಳು ಮೇಲಿನಿಂದ ಕೂಗಿದಳು, ಪೆನ್ಸಿಲು ಉರುಳ್ತಾ ಇಲ್ಲ ಅಂತ. ನೀವು ಸ್ಟೂಲಿನ ಮೇಲೆ ನಿಂತು ನಕ್ಕಿರಿ. ಅಂಥ ನಗು ಆಮೇಲೆ ನಾನು ನೋಡಲಿಲ್ಲ.

ಅದಾದ ಹತ್ತು ತಿಂಗಳಿಗೆ ಮಗಳು ಹೋದಳು. ಅವಳು ಮೆಚ್ಚಿದ ಹುಡುಗನ ಜೊತೆ, ಕೈಯಲ್ಲಿ ಒಂದು ಚೀಲ ಹಿಡಿದುಕೊಂಡು. ನನಗೆ ಮೂರು ತಿಂಗಳಿನಿಂದ ಗೊತ್ತಿತ್ತು. ಅಪ್ಪನಿಗೆ ಹೇಳಬೇಡ, ಬೇಡ ಅಂದುಬಿಟ್ಟರೆ ನಾನು ಮೀರಿ ಹೋಗಲಾರೆ ಅಂತ ಕೈ ಹಿಡಿದುಕೊಂಡಳು. ನಾನು ಮೂರು ತಿಂಗಳು ನಿಮ್ಮ ತಟ್ಟೆಗೆ ಬಡಿಸುತ್ತ, ನಿಮ್ಮ ಅಂಗಿಗೆ ಗುಂಡಿ ಹೊಲಿಯುತ್ತ, ಏನೂ ಆಗದವಳ ಹಾಗೆ ಇದ್ದೆ. ನೀವು ಕೂಗಾಡಲಿಲ್ಲ. ನನ್ನನ್ನು ಕೇಳಿದ್ದರೆ ಎರಡು ದಿನ ಮುಖ ಊದಿಸಿಕೊಂಡು ಆಮೇಲೆ ಒಪ್ಪುತ್ತಿದ್ದೆ, ಕೇಳಲೇ ಇಲ್ಲವಲ್ಲ ಅಂದಿರಿ. ಮರ ಬಿರುಕು ಬಿಟ್ಟರೆ ಹೊರಗೆ ಕಾಣಿಸುತ್ತೆ, ನೀನು ಒಳಗೇ ಮುರಿದುಕೊಂಡು ಹೊರಗೆ ನುಣ್ಣಗಿರುತ್ತೀಯ, ನಿನ್ನ ಮುಖ ನೋಡಿ ನಾನಿನ್ನು ಯಾವುದನ್ನು ನಂಬಲಿ ಅಂದಿರಿ. ಮಾರನೆಯ ದಿನ ಹತಾರದ ಪೆಟ್ಟಿಗೆ ಹೊತ್ತುಕೊಂಡು ಊರಿನ ಆಚೆ ತುದಿಯಲ್ಲಿ ಒಂದು ಕೋಣೆ ಹಿಡಿದಿರಿ. ಮಗಳನ್ನು ಎರಡೇ ವರ್ಷಕ್ಕೆ ಕ್ಷಮಿಸಿದಿರಿ. ಅದಕ್ಕೆ ನನಗೆ ಸಂತೋಷವೇ. ಆದರೂ ಒಂದೊಂದು ಸಲ ಹೊಟ್ಟೆ ಉರಿಯುತ್ತಿತ್ತು, ಈಗ ಎಲ್ಲ ಹೇಳುತ್ತಿರುವಾಗ ಇದೊಂದನ್ನು ಯಾಕೆ ಮುಚ್ಚಿಡಲಿ.

ಹೋಗುವಾಗ ಬಾಗಿಲಲ್ಲಿ ನಿಂತು, ತೊಲೆ ನನ್ನ ಜವಾಬ್ದಾರಿ, ಅದಕ್ಕೆ ಬರುತ್ತೇನೆ ಅಂದಿರಿ. ಮಾತಿನಂತೆ ಬಂದಿರಿ. ಬೇಸಿಗೆಯ ಕೊನೆಯ ಭಾನುವಾರ, ಬೆಳಗ್ಗೆ ಹತ್ತಕ್ಕೆ. ಕರೆಗಂಟೆ ಇದ್ದರೂ ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದಿರಿ, ಯಾರ ಮನೆಗೆ ಹೋದರೂ ಮರ ಗಟ್ಟಿಯಿದೆಯೋ ಇಲ್ಲವೋ ನೋಡುವವರ ಹಾಗೆ. ನನ್ನ ಸ್ಟೂಲಿನ ಮೇಲೆ ನಂಬಿಕೆಯಿಲ್ಲದೆ ನಿಮ್ಮದೇ ಸ್ಟೂಲು ತಂದಿದ್ದಿರಿ. ನಾನು ಅಂದು ಬೆಳಗ್ಗೆ ಐದಕ್ಕೇ ಎದ್ದಿದ್ದೆ. ಹೊಸ ಸೀರೆ ಉಟ್ಟು, ಅತಿಯಾಯಿತು ಅಂತ ಬಿಚ್ಚಿ, ಹಳೆಯದನ್ನೇ ಉಟ್ಟೆ.

ನೀವು ಒಂದೊಂದಕ್ಕೂ ಸ್ಪ್ಯಾನರ್ ಹಾಕಿ ಎಳೆದು ನೋಡಿದಿರಿ. ಹದಿನೆಂಟರಲ್ಲಿ ಒಂದೂ ಅಲ್ಲಾಡಲಿಲ್ಲ. ಮರಕ್ಕೆ ಅಂಗೈ ಇಟ್ಟು, ಕೂತಿದೆ, ಚೆನ್ನಾಗಿ ಕೂತಿದೆ, ಮುಂದಿನ ವರ್ಷ ಇನ್ನೊಂದು ಸಲ ನೋಡಿ ಹೀಗೇ ಇದ್ದರೆ ಆಮೇಲೆ ನೋಡುವ ಅಗತ್ಯವಿಲ್ಲ ಅಂದಿರಿ. ನನಗೆ ಹೇಳಿದಿರೋ ತೊಲೆಗೆ ಹೇಳಿದಿರೋ ಗೊತ್ತಿಲ್ಲ. ಟೀ ಕಾಯುವುದಕ್ಕೂ ನಿಲ್ಲಲಿಲ್ಲ. ಗೋಡೆಯ ಗಡಿಯಾರ ನೋಡಿದೆ. ಒಂಬತ್ತು ನಿಮಿಷವಾಗಿತ್ತು.

ವರ್ಷವೆಲ್ಲ ನಾನು ಆ ಒಂಬತ್ತು ನಿಮಿಷವನ್ನೇ ಲೆಕ್ಕ ಹಾಕಿದೆ. ಇನ್ನೊಂದು ಸಲ ಬರುತ್ತೀರಿ, ಇನ್ನೊಂದು ಒಂಬತ್ತು ನಿಮಿಷ ಇರುತ್ತೀರಿ, ಮರ ಚೆನ್ನಾಗಿದೆ ಅನ್ನುತ್ತೀರಿ, ಅಲ್ಲಿಗೆ ಮುಗಿಯಿತು. ನಿಮ್ಮ ಕೆಲಸ ಅಷ್ಟು ಚೆನ್ನಾಗಿದ್ದದ್ದೇ ನನಗೆ ಶತ್ರುವಾಯಿತು.

ಈಗ ಹೇಳಿಬಿಡುತ್ತೇನೆ. ಎರಡನೆಯ ವರ್ಷದಿಂದ ಪ್ರತಿ ವರ್ಷ, ನೀವು ಬರುವ ಹಿಂದಿನ ದಿನ ಮಧ್ಯಾಹ್ನ, ಆ ನಟ್ಟುಗಳನ್ನು ಸಡಿಲ ಮಾಡಿದವಳು ನಾನು. ಮರವಲ್ಲ, ಬಿಸಿಲಲ್ಲ, ಮಿಲ್ಲಿನವರ ಮೋಸವಲ್ಲ. ನಾನು, ಈ ಕೈಯಿಂದ, ಅಪ್ಪನ ಹಳೆಯ ಸ್ಪ್ಯಾನರಿನಿಂದ.

ಇದನ್ನು ನೀವು ಸುಲಭಕ್ಕೆ ನಂಬುವವರಲ್ಲ. ಒಬ್ಬಳಿಂದ ಹೇಗಾಗುತ್ತೆ, ಆಚೆ ಬದಿ ಬೋಲ್ಟಿನ ತಲೆ ಹಿಡಿಯಲು ಇನ್ನೊಬ್ಬರು ಬೇಡವೇ ಅಂತ ಕೇಳುತ್ತೀರಿ. ಹೇಳುತ್ತೇನೆ ಕೇಳಿ. ಅಪ್ಪನ ಸ್ಪ್ಯಾನರನ್ನು ಬೋಲ್ಟಿನ ತಲೆಗೆ ಸಿಕ್ಕಿಸಿ, ಅದರ ಹಿಡಿಕೆ ಮೇಲಿನ ನೆಲದ ಹಲಗೆಗೆ ತಾಗಿ ನಿಲ್ಲುವ ಹಾಗೆ ಮಾಡುತ್ತಿದ್ದೆ. ಸ್ಟೂಲು ಇಳಿದು, ಅದನ್ನು ಈಚೆ ತಂದು, ಹತ್ತಿ, ಇನ್ನೊಂದು ಸ್ಪ್ಯಾನರಿನಿಂದ ನಟ್ಟನ್ನು ಅರ್ಧ ಸುತ್ತು ಬಿಚ್ಚುತ್ತಿದ್ದೆ. ಮತ್ತೆ ಇಳಿದು ಮತ್ತೆ ಆಚೆ. ಎದುರುಮನೆಯಾಕೆ ಒಂದು ಸಲ ಕಿಟಕಿಯಿಂದ ನೋಡಿ ಏನು ಮಾಡ್ತಿದ್ದೀರಿ ಅಂತ ಕೇಳಿದಳು. ಜೇಡರ ಬಲೆ ಹೊಡೀತಿದ್ದೀನಿ ಅಂದೆ. ವರ್ಷಕ್ಕೊಂದೇ ಸಲ ಬಲೆ ಹೊಡೆಯುವ ಹೆಂಗಸು ಅಂತ ಈ ಬೀದಿಯಲ್ಲಿ ನನಗೆ ಹೆಸರು ಬಂದಿದೆ.

ಹಲಗೆಗೆ ಸ್ಪ್ಯಾನರಿನ ಹಿಡಿಕೆ ಒತ್ತಿ ಒತ್ತಿ ಗುಳಿ ಬಿದ್ದಿವೆ. ಹದಿನಾಲ್ಕು ಕಡೆ, ಉಗುರಿನಷ್ಟು. ನೀವು ಅವನ್ನು ನೋಡಿದ್ದೀರಿ. ಐದನೆಯ ವರ್ಷ ಬೆರಳಿನಿಂದ ಸವರಿ, ಹುಳ ತಿಂದಿದೆಯೇನೋ ಅಂದಿರಿ. ಗೋಡೆಯ ಹತ್ತಿರದ ಎರಡೆರಡು ಬೋಲ್ಟುಗಳ ಮೇಲೆ ಮಾತ್ರ ಗುಳಿಯಿಲ್ಲ. ಭಾರ ಕೂರುವ ಜಾಗ, ಅಲ್ಲಿ ಆಟ ಬೇಡ ಅಂತ ಆ ನಾಲ್ಕನ್ನು ನಾನು ಮುಟ್ಟುತ್ತಿರಲಿಲ್ಲ. ಅರ್ಧ ಸುತ್ತಿಗೆ ಏನೂ ಆಗುವುದಿಲ್ಲ, ಬೋಲ್ಟು ಅಲ್ಲೇ ಇರುತ್ತೆ ಅನ್ನುವಷ್ಟು ತಿಳಿವಳಿಕೆ ನನಗಿತ್ತು. ಇಷ್ಟೆಲ್ಲ ತಿಳಿದವಳಿಗೆ ನಿಮಗೆ ಏನಾಗುತ್ತೆ ಅನ್ನುವುದೊಂದು ತಿಳಿಯಲಿಲ್ಲ.

ತುದಿಯವು ಬಿಗಿಯಾಗಿವೆ, ನಡುವಿನವೇ ಯಾಕೆ ಸಡಿಲ ಅಂತ ನೀವು ತಲೆ ಕೆಡಿಸಿಕೊಂಡಿರಿ. ಕೊನೆಗೆ ನೀವೇ ಒಂದು ಉತ್ತರ ಹುಡುಕಿಕೊಂಡಿರಿ. ಮರ ಹೊರಗೆ ಒಣಗಿದೆ, ಹೊಟ್ಟೆಯೊಳಗೆ ಹಸಿಯಿತ್ತು, ನನಗೆ ಗೊತ್ತಾಗಲಿಲ್ಲ ಅಂತ. ನಾನು ನಾಲ್ಕು ನಟ್ಟು ಬಿಟ್ಟದ್ದರಿಂದ ಹುಟ್ಟಿದ ಉತ್ತರ ಅದು.

ಯಾಕೆ ಮಾಡಿದೆ ಅಂತ ಕೇಳುವ ಹಕ್ಕು ನಿಮಗಿದೆ. ನಟ್ಟು ಬಿಗಿಯಬೇಕಾದರೆ ಇಬ್ಬರು ಬೇಕು. ಅಷ್ಟೇ ಕಾರಣ. ನೀವು ಈಚೆ ಸ್ಟೂಲಿನ ಮೇಲೆ, ನಾನು ಆಚೆ ಸ್ಟೂಲಿನ ಮೇಲೆ, ನಡುವೆ ತೊಲೆ. ನಿಮ್ಮ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ನಿಮಗೆ. ಹಿಡ್ಕೋ ಅನ್ನುತ್ತಿದ್ದಿರಿ, ಹಿಡಿಯುತ್ತಿದ್ದೆ. ನೀವು ತಿರುಗಿಸಿದರೆ ಬೋಲ್ಟಿನಿಂದ ಒಂದು ಸಣ್ಣ ನಡುಕ ಬಂದು ನನ್ನ ಅಂಗೈಗೆ ತಾಗುತ್ತಿತ್ತು. ನಟ್ಟು ಬಿಗಿಯಾಗಿ ನಿಂತರೆ ಆ ನಡುಕ ನಿಂತು ಬರೀ ಭಾರ ಉಳಿಯುತ್ತಿತ್ತು. ಬಂತು ಅನ್ನುತ್ತಿದ್ದಿರಿ. ಮುಂದಿನದಕ್ಕೆ ಹೋಗುತ್ತಿದ್ದೆವು. ಹದಿನಾಲ್ಕು ಸಲ ಹಿಡ್ಕೋ, ಹದಿನಾಲ್ಕು ಸಲ ಬಂತು. ಒಂಬತ್ತು ನಿಮಿಷದ ಜಾಗದಲ್ಲಿ ಒಂದು ಗಂಟೆ ಹತ್ತು ನಿಮಿಷವಾಯಿತು. ಕೆಲಸ ಉದ್ದವಾದ್ದರಿಂದ ಟೀ ಕುಡಿದಿರಿ. ಮೂರನೆಯ ವರ್ಷ ಮಗಳ ಸುದ್ದಿ ಹೇಳಿದಿರಿ. ನಾಲ್ಕನೆಯ ವರ್ಷ, ಕೂದಲು ನೆರೆದಿದೆಯಲ್ಲ ನಿಂದು ಅಂದಿರಿ, ತೊಲೆಯ ಆಚೆಯಿಂದ. ಎಂಟು ತಿಂಗಳು ಆ ಒಂದು ಮಾತು ಇಟ್ಟುಕೊಂಡು ಬದುಕಿದೆ ಅಂದರೆ ನಗಬೇಡಿ.

ನಿಮ್ಮ ಪ್ರೀತಿ ನನಗೆ ಬೇಕಿತ್ತು, ಕೇಳುವ ಮುಖ ಇರಲಿಲ್ಲ. ನಟ್ಟು ಬಿಚ್ಚುವುದು ಬಾಯಿ ಬಿಡುವುದಕ್ಕಿಂತ ಸುಲಭವಾಗಿತ್ತು.

ಅದರಿಂದ ಏನಾಯಿತು ಅಂತ ನಾನು ನೋಡುತ್ತಲೇ ಇದ್ದೆ. ಆರನೆಯ ವರ್ಷ ಮಿಲ್ಲಿಗೆ ಹೋಗಿ ಯಜಮಾನರ ಜೊತೆ ಜಗಳವಾಡಿದಿರಿ, ಹಸಿಮರ ಕೊಟ್ಟೆ ಅಂತ. ಮೂವತ್ತು ವರ್ಷದ ಸ್ನೇಹ ಅವತ್ತಿಗೆ ಮುರಿಯಿತು. ಅವರು ನನ್ನ ತಮ್ಮನ ಹತ್ತಿರ ಬಂದು, ನಿನ್ನ ಭಾವನಿಗೆ ಏನಾಗಿದೆ ಅಂತ ಕಣ್ಣೀರು ಹಾಕಿಕೊಂಡರಂತೆ. ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡರು. ನೀವು ಹೋಗಲಿಲ್ಲ. ನಾನು ಹೋಗಿದ್ದೆ, ಅವರ ಹೆಂಡತಿಯ ಮುಖ ನೋಡಲಾರದೆ ಹಿಂದಿನ ಸಾಲಿನಲ್ಲಿ ನಿಂತು ಬಂದೆ.

ಅದೇ ಮಿಲ್ಲಿನ ಮರದಿಂದ ನೀವು ಮಾಡಿದ ತೊಲೆ ಇನ್ನೂ ಮೂರು ಮನೆಗಳಲ್ಲಿತ್ತು. ಎರಡು ಮನೆಯವರು ತೊಲೆಗೆ ಹಲಗೆ ಹೊಡೆದು ಮುಚ್ಚಿಸಿದ್ದರು. ಬಿಚ್ಚುವುದಿಲ್ಲ, ನಿಮಗೆ ತಲೆ ಸರಿಯಿಲ್ಲ ಅಂದರು. ಶಾಲೆಯ ಮೇಡಂ ಮನೆಯಲ್ಲಿ ಮಾತ್ರ ಬಿಚ್ಚಿ ತೋರಿಸಿದರು. ಅಲ್ಲಿ ಎಲ್ಲ ನಟ್ಟೂ ಬಿಗಿಯಾಗಿದ್ದವು. ಇವತ್ತು ಬಿಗಿಯಿದೆ, ನಾಳೆ ಏನೋ ಅಂತ ನೀವು ಅಲ್ಲೂ ಕಂಬ ನಿಲ್ಲಿಸಿದಿರಿ. ಆಕೆ ಹೆದರಿ ಇಡೀ ತೊಲೆಯನ್ನೇ ತೆಗೆಸಿದರು. ತನ್ನ ತೊಲೆಯನ್ನು ತಾನೇ ನಂಬದ ಬಡಗಿ ಅಂತ ಊರೆಲ್ಲ ಮಾತಾಯಿತು. ಆಮೇಲೆ ನಿಮ್ಮನ್ನು ಯಾರೂ ತೊಲೆಗೆ ಕರೆಯಲಿಲ್ಲ, ಕರೆದವರಿಗೂ ನೀವು ಒಲ್ಲೆ ಅಂದಿರಿ. ಮನೆಯ ಮೇಲೆ ಮನೆ ಎತ್ತುತ್ತಿದ್ದ ಕೈ ಸ್ಟೂಲು, ಕಿಟಕಿಯ ಬಾಗಿಲು ಮಾಡುತ್ತ ಕೂತಿತು.

ಆಗಲಾದರೂ ಹೇಳಬಹುದಿತ್ತು. ಹೇಳಬೇಕು ಅಂತ ಪ್ರತಿ ಸಲ ಅಂದುಕೊಳ್ಳುತ್ತಿದ್ದೆ. ಟೀ ಲೋಟ ಕೊಡುವಾಗ ಹೇಳೋಣ ಅಂತ, ಸ್ಟೂಲು ಇಳಿದ ಮೇಲೆ ಹೇಳೋಣ ಅಂತ. ನಿಮ್ಮ ಮುಖ ನೋಡಿದರೆ ಹಳೆಯ ಮಾತು ನೆನಪಾಗುತ್ತಿತ್ತು, ಒಳಗೇ ಮುರಿದುಕೊಂಡು ಹೊರಗೆ ನುಣ್ಣಗಿರುತ್ತೀಯ ಅಂದದ್ದು. ಮೂರು ತಿಂಗಳು ಮುಚ್ಚಿಟ್ಟದ್ದಕ್ಕೆ ಮನೆ ಬಿಟ್ಟವರು ಮೂರು ವರ್ಷ ಮುಚ್ಚಿಟ್ಟದ್ದಕ್ಕೆ ಏನು ಮಾಡುತ್ತಾರೆ? ಹೆದರಿ ಸುಮ್ಮನಾದೆ. ಮೂರು ಹೋಗಿ ಆರಾಯಿತು, ಆರು ಹೋಗಿ ಒಂಬತ್ತಾಯಿತು. ಹೇಳಬೇಕಾದ ಮಾತು ವರ್ಷ ವರ್ಷಕ್ಕೂ ಭಾರವಾಯಿತು, ನಾನು ಇನ್ನೂ ಸಣ್ಣವಳಾದೆ.

ನಿಮ್ಮ ಪತ್ರ ಬಂದ ದಿನವೇ ಮಗಳು ಫೋನ್ ಮಾಡಿದ್ದಳು. ಅಪ್ಪ ಹೋದ ತಿಂಗಳು ಬಂದಾಗ ಮಗುವಿನ ತೊಟ್ಟಿಲನ್ನು ಜಾಗ ಬದಲಿಸಿದರು ಅಮ್ಮ, ಮೇಲೆ ಮರದ ತೊಲೆ ಇದೆ ಅಂತ ಅಂದಳು. ಅದು ನೀವು ಇಟ್ಟ ತೊಲೆಯೂ ಅಲ್ಲವಂತೆ. ಗೋಡೆಯ ಮೂಲೆಗೆ ಎಳೆದು, ಅಲ್ಲೇ ನೆಲದ ಮೇಲೆ ಕೂತು, ಸೂರನ್ನೇ ನೋಡುತ್ತಿದ್ದರು ಅಂದಳು. ನಗುತ್ತ ಹೇಳಲು ಶುರು ಮಾಡಿದವಳು ಕೊನೆಗೆ ಅಳುತ್ತಿದ್ದಳು. ಅವಳಿಗೆ ಕಾರಣ ಗೊತ್ತಿಲ್ಲ. ನಾನು ಫೋನ್ ಹಿಡಿದುಕೊಂಡು ತೊಲೆಯ ಕೆಳಗೇ ನಿಂತಿದ್ದೆ.

ನಿನ್ನೆ ತಮ್ಮನನ್ನು ಕರೆಸಿದೆ. ಎಲ್ಲ ಹೇಳಿದೆ. ಅವನು ಸ್ಟೂಲು ಹತ್ತಿ ಹದಿನೆಂಟಕ್ಕೂ ಸ್ಪ್ಯಾನರ್ ಹಾಕಿ ಎಳೆದು ನೋಡಿದ. ಈ ವರ್ಷ ನಾನು ಮುಟ್ಟಿಲ್ಲ. ಇಡೀ ಬೇಸಿಗೆಯ ಬಿಸಿಲು ಕಳೆದಿದೆ. ಒಂದೂ ಕದಲಲಿಲ್ಲ. ರಸಮಟ್ಟ ಇಟ್ಟು ನೋಡಿದ, ಗುಳ್ಳೆ ಸರಿಯಾಗಿ ನಡುವೆ ನಿಂತಿತು. ನಾನು ಮೇಲೆ ಹೋಗಿ ಮಗಳ ಕೋಣೆಯ ನೆಲದ ಮೇಲೆ ಪೆನ್ಸಿಲು ಇಟ್ಟೆ. ಹನ್ನೆರಡು ವರ್ಷದ ಹಿಂದೆ ಎಲ್ಲಿ ನಿಂತಿತ್ತೋ ಅಲ್ಲೇ ನಿಂತಿತು. ಈ ಊರಿನಲ್ಲಿ ಇದಕ್ಕಿಂತ ಒಳ್ಳೆಯ ತೊಲೆ ಇನ್ನೊಂದಿಲ್ಲ ಅಕ್ಕ ಅಂದ ಅವನು. ಕಂಬ ನಿಲ್ಲಿಸಲಿಲ್ಲ. ನಿಲ್ಲಿಸುವುದೂ ಇಲ್ಲ.

ಮೇಸ್ತ್ರಿಗಳೇ, ನನ್ನದು ಒಂದೇ ಬೇಡಿಕೆ. ಈ ಶನಿವಾರ ಆ ಪೆಟ್ಟಿಗೆಯನ್ನು ಕೊಡಬೇಡಿ. ಈ ಪತ್ರವನ್ನು ಅಂಚೆಗೆ ಹಾಕದೆ ತಮ್ಮನ ಕೈಯಲ್ಲೇ ಕಳಿಸುತ್ತಿರುವುದು ಅದಕ್ಕೇ. ಅವನು ನೋಡಿದ್ದನ್ನು ಅವನ ಬಾಯಿಂದಲೇ ಕೇಳಿ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಜೊತೆಗೆ ಅಪ್ಪನ ಸ್ಪ್ಯಾನರನ್ನೂ ಕಳಿಸಿದ್ದೇನೆ. ಅದರ ಹಿಡಿಕೆಯ ತುದಿ ನೋಡಿ, ಹಲಗೆಯ ಬಣ್ಣ ಇನ್ನೂ ಅಂಟಿಕೊಂಡಿದೆ. ನನ್ನ ಮಾತನ್ನು ನೀವು ನಂಬಬೇಕಾಗಿಲ್ಲ, ಅದಕ್ಕೆ ನಾನು ಯೋಗ್ಯಳೂ ಅಲ್ಲ. ಸ್ಪ್ಯಾನರನ್ನು ನಂಬಿ.

ನೀವು ಬರಲಿ ಅಂತ ಇದನ್ನು ಬರೆಯುತ್ತಿಲ್ಲ. ಈ ಭಾನುವಾರ ಬರಬೇಡಿ. ಯಾವ ಭಾನುವಾರವೂ ಬರುವ ಅಗತ್ಯವಿಲ್ಲ, ತೊಲೆಗೆ ನಿಮ್ಮಿಂದ ಏನೂ ಆಗಬೇಕಾಗಿಲ್ಲ. ಮಿಲ್ಲಿನ ಯಜಮಾನರ ಮನೆಗೆ ಹೋಗಿ ಅವರ ಹೆಂಡತಿಯ ಹತ್ತಿರ ನಾನೇ ಎಲ್ಲ ಹೇಳುತ್ತೇನೆ. ಮೇಡಂ ಮನೆಗೂ ಹೋಗುತ್ತೇನೆ. ನಿಮ್ಮ ಹೆಸರಿಗೆ ನಾನು ಹಚ್ಚಿದ ಮಸಿಯನ್ನು ಒರೆಸಲು ಎಷ್ಟು ಮನೆಯ ಮೆಟ್ಟಿಲು ಹತ್ತಬೇಕೋ ಅಷ್ಟು ಹತ್ತುತ್ತೇನೆ. ನೀವು ಒಂದು ತೊಲೆ ಇಡಿ. ಯಾರ ಮನೆಗಾದರೂ ಸರಿ. ಮಗುವಿನ ತೊಟ್ಟಿಲನ್ನು ಕಿಟಕಿಯ ಹತ್ತಿರ, ಗಾಳಿ ಬರುವಲ್ಲಿಗೆ, ಮತ್ತೆ ಎಳೆದಿಡಿ.

ನೀವು ಬರೆದ ಆ ಒಂದು ಪದವನ್ನು ವಾಪಸ್ ಕಳಿಸುತ್ತಿದ್ದೇನೆ. ಅದು ನನ್ನ ಬಾಯಿಂದ ಬರಬೇಕಾದದ್ದು. ನಾನು ಕೇಳಿದರೆ ಮಗಳ ವಿಷಯಕ್ಕೂ ಸೇರಿಸಿಯೇ ಕೇಳಬೇಕು, ಎರಡೂ ಒಂದೇ ತಪ್ಪು. ಉತ್ತರ ಬರೆಯಲೇಬೇಕು ಅಂತಿಲ್ಲ.

ನೀವು ಬಹಳ ಹಿಂದೆ, ಹಿಡಿದದ್ದನ್ನು ಬಿಡದವಳು ಅಂತ ಹೆಸರಿಟ್ಟು ಕರೆಯುತ್ತಿದ್ದ,

ಇಕ್ಕಳ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು. ತಮ್ಮ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾನೆ, ಅವನನ್ನು ನಿಲ್ಲಿಸಿ ಬರೆಯುತ್ತಿದ್ದೇನೆ. ಮೇಲೆ ಪ್ರತಿ ವರ್ಷ ಅಂತ ಬರೆದದ್ದು ಪೂರ್ತಿ ನಿಜವಲ್ಲ. ಹೋದ ವರ್ಷ ನಾನು ನಟ್ಟುಗಳನ್ನು ಮುಟ್ಟಲಿಲ್ಲ. ಭುಜದ ನೋವಿಗೆ ಕೈ ಮೇಲೆ ಏಳುತ್ತಿರಲಿಲ್ಲ. ಆದದ್ದಾಗಲಿ, ನಾಳೆ ಬಂದು ಎಲ್ಲ ಬಿಗಿಯಿದೆ ಅಂದು ಹೋಗಿಬಿಡುತ್ತಾರೆ ಅಂತ ಗಟ್ಟಿ ಮನಸ್ಸು ಮಾಡಿ ಮಲಗಿದ್ದೆ. ನೀವು ಬಂದಿರಿ. ಮೂರನೆಯ ನಟ್ಟಿಗೆ ಸ್ಪ್ಯಾನರ್ ಹಾಕಿ, ಈ ಸಲವೂ ಸಡಿಲ ಇದೆ, ಹಿಡ್ಕೋ ಅಂದಿರಿ. ನಾನು ಆಚೆ ಬದಿ ಹತ್ತಿ ಹಿಡಿದೆ. ನೀವು ತಿಣುಕಿ ತಿಣುಕಿ ಎಳೆದಿರಿ. ನನ್ನ ಅಂಗೈಗೆ ನಡುಕ ಬರಲಿಲ್ಲ, ಬರೀ ಭಾರ. ನಟ್ಟು ತಿರುಗಲಿಲ್ಲ. ಬಂತು ಅಂದಿರಿ. ಹದಿನಾಲ್ಕಕ್ಕೂ ಹಾಗೆಯೇ. ಮರವನ್ನು ತಟ್ಟಿದರೆ ಅದರ ವಯಸ್ಸು ಹೇಳುತ್ತಿದ್ದ ಕೈಗೆ ಬಿಗಿ ಯಾವುದು ಸಡಿಲ ಯಾವುದು ಅಂತ ತಿಳಿಯುತ್ತಿರಲಿಲ್ಲ. ನಿಮಗೂ ಸ್ವಲ್ಪ ಹೊತ್ತು ಇಲ್ಲಿರಲು ಆಸೆಯಿದ್ದು ಹಾಗೆ ಮಾಡಿದಿರೇನೋ ಅಂತ ಒಂದು ವರ್ಷ ನನಗೆ ನಾನೇ ಹೇಳಿಕೊಂಡೆ. ಹೋದ ವರ್ಷವೂ ಹದಿನಾಲ್ಕು ಸಡಿಲವಿದ್ದವು ಅಂತ ನಿಮ್ಮ ಪತ್ರದಲ್ಲಿ ಓದಿದ ಮೇಲೆ ಆ ಸುಳ್ಳೂ ಉಳಿಯಲಿಲ್ಲ. ನನಗೆ ಅವತ್ತೇ ಗೊತ್ತಾಗಿತ್ತು. ಸ್ಟೂಲಿನ ಮೇಲೆಯೇ ಹೇಳಬೇಕಿತ್ತು. ನೀವು ಬೆವರು ಒರೆಸಿಕೊಳ್ಳುತ್ತ, ಮುಂದಿನ ವರ್ಷವೂ ಬರಬೇಕಾಗುತ್ತೆ ಅಂದಿರಿ. ನನಗೆ ಸಂತೋಷವಾಯಿತು.